ಕಡಿಮೆ ಓಡಿದ ಫೆರಾರಿ ಎಫ್40 ಮಾರಾಟಕ್ಕಿದೆ: ಪದೇ ಪದೇ ಕೇಳುವ ಪ್ರಶ್ನೆಗಳು

ಎಲ್ಲೋ ಒಂದು ಫೆರಾರಿ ಎಫ್40 ಮಾರಾಟಕ್ಕೆ ಬರುತ್ತದೆ. ಜಾಹೀರಾತಿನಲ್ಲಿ ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ ಇರುವುದು ಅದು ಓಡಿದ ಕಿಲೋಮೀಟರ್. ಕೂಡಲೇ ಪ್ರಶ್ನೆಗಳು ಶುರುವಾಗುತ್ತವೆ. ಕೊಳ್ಳುವ ಶಕ್ತಿ ಇರುವವರು ಕೇಳುತ್ತಾರೆ, ಸುಮ್ನೆ ಕುತೂಹಲಕ್ಕೆ ಕೇಳುವವರು ಇನ್ನೂ ಜಾಸ್ತಿ. ಮಾತುಕತೆಯಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಜೋಡಿಸಿದ್ದೇನೆ. ಮೊದಲು ಸುಲಭದ್ದು, ಆಮೇಲೆ ಆಳದ್ದು.

## ಕಾರಿನ ಪರಿಚಯ

ಎಫ್40 ಅಂದ್ರೆ ಯಾವ ಕಾರು? ಅದಕ್ಕೆ ಯಾಕೆ ಇಷ್ಟು ಹೆಸರು?

ಫೆರಾರಿ ಹೆಸರಿನ ಮೊದಲ ಕಾರು ಬಂದಿದ್ದು 1947ರಲ್ಲಿ. 40 ವರ್ಷ ತುಂಬಿದ ನೆನಪಿಗೆ 1987ರ ಜುಲೈ 21ರಂದು ಇಟಲಿಯ ಮರನೆಲ್ಲೊದಲ್ಲಿ ಎಫ್40 ತೋರಿಸಿದರು. ಕಂಪನಿ ಕಟ್ಟಿದ ಎಂಜೊ ಫೆರಾರಿ ಆಗ ಬದುಕಿದ್ದರು. ಮರುವರ್ಷ ಆಗಸ್ಟ್‌ನಲ್ಲಿ ತೀರಿಕೊಂಡರು. ಅವರು ಇದ್ದಾಗ, ಅವರ ಒಪ್ಪಿಗೆಯಿಂದ ಹೊರಬಂದ ಕೊನೆಯ ಫೆರಾರಿ ಇದು. ಅಭಿಮಾನಿಗಳಿಗೆ ಇದರ ಮೇಲೆ ಇರುವ ಪ್ರೀತಿಗೆ ಅರ್ಧ ಕಾರಣ ಅದೇ.

ಉಳಿದ ಅರ್ಧ ಕಾರಿನಲ್ಲೇ ಇದೆ. 2.9 ಲೀಟರ್ ವಿ8 ಎಂಜಿನ್, ಎರಡು ಟರ್ಬೊ (ಎಂಜಿನ್ನಿಗೆ ಒತ್ತಡದಿಂದ ಹೆಚ್ಚು ಗಾಳಿ ತುಂಬುವ ಸಾಧನ), 478 ಅಶ್ವಶಕ್ತಿ. ಎಣ್ಣೆ, ನೀರು ತುಂಬಿಸದ ಲೆಕ್ಕದಲ್ಲಿ ಕಾರಿನ ತೂಕ ಸುಮಾರು 1,100 ಕಿಲೊ. ಕಂಪನಿ ಹೇಳಿದ ಗರಿಷ್ಠ ವೇಗ ಗಂಟೆಗೆ 324 ಕಿ.ಮೀ. ಆ ಕಾಲಕ್ಕೆ ರಸ್ತೆ ಕಾರೊಂದಕ್ಕೆ ಇದು ದೊಡ್ಡ ಸಂಖ್ಯೆ. ರೂಪ ಕೊಟ್ಟಿದ್ದು ಇಟಲಿಯ ವಿನ್ಯಾಸ ಸಂಸ್ಥೆ ಪಿನಿನ್‌ಫರೀನಾ. ಎಂಜಿನಿಯರಿಂಗ್ ಮುಂದಾಳು ನಿಕೋಲಾ ಮಾಟೆರಾಟ್ಸಿ. ಗ್ರೂಪ್ ಬಿ ಎನ್ನುವ ವರ್ಗದ ರೇಸಿಗಾಗಿ ಫೆರಾರಿ ಬೆಳೆಸುತ್ತಿದ್ದ 288 ಜಿಟಿಒ ಎವೊಲುಟ್ಸಿಯೋನೆ ಕಾರಿಗೆ ಆ ರೇಸ್ ನಿಂತುಹೋದ ಮೇಲೆ ಓಡಲು ಜಾಗ ಇಲ್ಲದಂತಾಯಿತು. ಅಲ್ಲಿ ಕಲಿತದ್ದೇ ಎಫ್40 ಆಗಿ ರಸ್ತೆಗೆ ಬಂತು.

ಒಳಗೆ ಏನೂ ಇಲ್ವಲ್ಲ ಸಾರ್, ಇಷ್ಟು ದುಡ್ಡಿಗೆ ಒಂದು ಕಾರ್ಪೆಟ್ಟೂ ಹಾಕಿಲ್ವಾ?

ಇಲ್ಲ. ಕಾರ್ಪೆಟ್ ಇಲ್ಲ, ರೇಡಿಯೊ ಇಲ್ಲ. ಪವರ್ ಸ್ಟೀರಿಂಗ್, ಎಬಿಎಸ್, ಬ್ರೇಕ್ ಬೂಸ್ಟರ್ ಯಾವುದೂ ಇಲ್ಲ. ಒಳಗಿನಿಂದ ಬಾಗಿಲು ತೆಗೆಯಲು ಹಿಡಿಕೆಯ ಬದಲು ಒಂದು ತಂತಿ ಇದೆ, ಎಳೆದರೆ ತೆರೆಯುತ್ತದೆ. ಕಾರ್ಬನ್ ಫೈಬರ್ ಮತ್ತು ಕೆವ್ಲಾರ್ (ಎರಡೂ ಹಗುರವಾದ ಗಟ್ಟಿ ನಾರು) ಭಾಗಗಳನ್ನು ಚೌಕಟ್ಟಿಗೆ ಅಂಟಿಸಿದ ಕಡೆ ಹಸಿರು ಬಣ್ಣದ ಅಂಟು ಹಾಗೇ ಎದ್ದು ಕಾಣುತ್ತದೆ. ಹೊಸಬರು ಅದನ್ನು ನೋಡಿ ಯಾರೋ ಅರೆಬರೆ ರಿಪೇರಿ ಮಾಡಿದ್ದಾರೆ ಅಂದುಕೊಳ್ಳುತ್ತಾರೆ. ಕಾರ್ಖಾನೆಯಿಂದ ಬಂದಿದ್ದೇ ಹಾಗೆ. ಅದನ್ನು ಯಾರಾದರೂ ಒರೆಸಿ ನೀಟಾಗಿ ಪೇಂಟ್ ಹೊಡೆದಿದ್ದರೆ ಆಗ ಅನುಮಾನ ಪಡಬೇಕು.

ತೂಕ ಇಳಿಸುವುದೇ ಗುರಿ ಆಗಿತ್ತು. ಎ.ಸಿ. ಮಾತ್ರ ಇದೆ, ಏಕೆಂದರೆ ಬೆನ್ನ ಹಿಂದೆಯೇ ಎಂಜಿನ್ ಕುಳಿತಿದೆ.

ಎಷ್ಟು ಕಾರು ಮಾಡಿದ್ರು? ಎಲ್ಲವೂ ಕೆಂಪೇನಾ?

ಮೊದಲು ಅಂದುಕೊಂಡದ್ದು 400. ಬೇಡಿಕೆ ನೋಡಿ ಮಾಡುತ್ತಾ ಹೋದರು. 1992ಕ್ಕೆ ನಿಲ್ಲಿಸುವಾಗ 1,300 ದಾಟಿತ್ತು. ಸಾಮಾನ್ಯವಾಗಿ ಹೇಳುವ ಲೆಕ್ಕ 1,311. ಅದರಲ್ಲಿ 213 ಅಮೆರಿಕಕ್ಕಾಗಿ ಮಾಡಿದವು. ಮಾರಾಟಕ್ಕೆ ಬಂದದ್ದು ಒಂದೇ ಬಣ್ಣದಲ್ಲಿ, ರೊಸ್ಸೊ ಕೋರ್ಸಾ ಎನ್ನುವ ರೇಸಿಂಗ್ ಕೆಂಪು. ಸ್ಟೀರಿಂಗ್ ಎಡಗಡೆ. ಹಳದಿ, ಕಪ್ಪು ಎಫ್40 ಕಂಡರೆ ಅದು ಆಮೇಲೆ ಬಣ್ಣ ಬದಲಾಯಿಸಿದ್ದು ಎಂದೇ ಮೊದಲು ಅಂದುಕೊಳ್ಳಿ.

## ಕಿಲೋಮೀಟರ್ ವಿಚಾರ

ಎಷ್ಟು ಓಡಿದ್ರೆ ಕಡಿಮೆ ಅಂತಾರೆ?

ಇದಕ್ಕೆ ಕಾನೂನು ಇಲ್ಲ. ಎಫ್40ಗಳಲ್ಲಿ 30,000 ಕಿ.ಮೀ. ಓಡಿದ್ದನ್ನು ಚೆನ್ನಾಗಿ ಬಳಸಿದ ಕಾರು ಅನ್ನುತ್ತಾರೆ. 10,000ದ ಒಳಗಿದ್ದರೆ ಕಡಿಮೆ. 2,000ದ ಒಳಗಿದ್ದರೆ ಸಂಗ್ರಹಕಾರರ ಕಣ್ಣು ಅರಳುತ್ತದೆ. ಒಂದು ಎಚ್ಚರ: ಅಮೆರಿಕದ ಜಾಹೀರಾತುಗಳಲ್ಲಿ ಅಂಕಿ ಮೈಲಿಯಲ್ಲಿ ಇರುತ್ತದೆ. 3,000 ಮೈಲಿ ಅಂದರೆ 4,800 ಕಿ.ಮೀ.ಗಿಂತ ಜಾಸ್ತಿ. ಎರಡು ಕಾರು ಹೋಲಿಸುವಾಗ ಇದನ್ನು ಮರೆಯುವವರು ತುಂಬಾ ಜನ.

ಮೂವತ್ತೈದು ವರ್ಷದ ಕಾರು ಬರೀ 1,500 ಕಿ.ಮೀ. ಓಡಿರೋದು ಹೇಗೆ ಸಾಧ್ಯ? ನಂಬಬಹುದಾ?

ಸಾಧ್ಯ. ಈ ಕಾರು ಬಂದ ಸಮಯ ಅಂಥದ್ದು. 1980ರ ದಶಕದ ಕೊನೆಗೆ ಹಳೇ ಮತ್ತು ಅಪರೂಪದ ಫೆರಾರಿಗಳ ಬೆಲೆ ಹುಚ್ಚಾಪಟ್ಟೆ ಏರಿತು. ಎಂಜೊ ತೀರಿಕೊಂಡ ಮೇಲೆ ಇನ್ನೂ ಏರಿತು. ಷೋರೂಂ ಬೆಲೆಯ ಎರಡರಷ್ಟು, ಮೂರರಷ್ಟು ಕೊಟ್ಟು ಎಫ್40 ಕೊಂಡವರಿದ್ದರು. ಓಡಿಸುವ ಆಸೆಗಿಂತ ಮಾರುವ ಲೆಕ್ಕ ಮುಂದಿತ್ತು. 1990ರ ದಶಕದ ಶುರುವಿನಲ್ಲಿ ಬೆಲೆ ಕುಸಿದಾಗ ಎಷ್ಟೋ ಕಾರುಗಳು ಷೆಡ್ಡಿನಲ್ಲೇ ಉಳಿದವು. ಬೆಲೆ ಮತ್ತೆ ಬರಲಿ ಅಂತ ಕಾದರು. ಹಾಗೆ ಕಾಯುತ್ತಾ ವರ್ಷಗಳು ಉರುಳಿ, ಮೀಟರ್ ಮಾತ್ರ ನಿಂತಲ್ಲೇ ನಿಂತಿತು.

ಕಡಿಮೆ ಓಡಿದೆ ಅಂದ್ರೆ ಹೊಸದರ ಹಾಗೇ ಇರುತ್ತೆ ಅಲ್ವಾ?

ಇಡೀ ಪುಟದಲ್ಲಿ ಒಂದೇ ಉತ್ತರ ಓದುವಿರಾದರೆ ಇದನ್ನು ಓದಿ.

ಕಾರಿನಲ್ಲಿ ಎರಡು ರೀತಿಯ ಸವೆತ ಇದೆ. ಓಡಿ ಸವೆಯುವುದು ಒಂದು: ಕ್ಲಚ್, ಬ್ರೇಕ್ ಪ್ಯಾಡ್, ಗೇರ್ ಸಿಂಕ್ರೊ (ಗೇರ್ ಸಲೀಸಾಗಿ ಬೀಳುವಂತೆ ಮಾಡುವ ಉಂಗುರ), ಸೀಟಿನ ಬಟ್ಟೆ. ವಯಸ್ಸಾಗಿ ಕೆಡುವುದು ಇನ್ನೊಂದು: ರಬ್ಬರ್ ಹೋಸ್, ಆಯಿಲ್ ಸೀಲ್, ಟೈಮಿಂಗ್ ಬೆಲ್ಟ್ (ಎಂಜಿನ್ ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ನಡೆಸುವ ಪಟ್ಟಿ), ಟೈರ್, ಪೆಟ್ರೋಲ್ ಟ್ಯಾಂಕಿನ ಚೀಲ. ಕಡಿಮೆ ಓಡಿದ ಕಾರಿನಲ್ಲಿ ಮೊದಲ ಸಾಲು ಚೆನ್ನಾಗಿರುತ್ತದೆ. ಎರಡನೇ ಸಾಲಿಗೆ ಮೀಟರಿನ ಪರಿಚಯವೇ ಇಲ್ಲ. ಅದಕ್ಕೆ ಕ್ಯಾಲೆಂಡರ್ ಒಂದೇ ಗೊತ್ತು.

ನಿಂತ ಕಾರಿಗೆ ತನ್ನದೇ ಕಾಯಿಲೆಗಳೂ ಬರುತ್ತವೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಂಡು ಕ್ಯಾಲಿಪರಿನ ಒಳಗೆ ತುಕ್ಕು ಹಿಡಿಸುತ್ತದೆ. ಪೆಟ್ರೋಲ್ ಹಳಸಿ, ಅದನ್ನು ಎಂಜಿನ್ನಿಗೆ ಸಿಂಪಡಿಸುವ ಇಂಜೆಕ್ಟರಿನ ಬಾಯಲ್ಲಿ ಅಂಟಾಗುತ್ತದೆ. ಎಣ್ಣೆ ತಾಗದ ಸೀಲ್ ಒಣಗಿ ಗಟ್ಟಿಯಾಗುತ್ತದೆ. ಮೊದಲ ಸಲ ಬಿಸಿ ಏರಿದಾಗ ಅಲ್ಲೇ ಸೋರುತ್ತದೆ. ಟೈಮಿಂಗ್ ಬೆಲ್ಟ್ ಹಲ್ಲುಗಳ ಮೇಲೆ ವರ್ಷಗಟ್ಟಲೆ ಒಂದೇ ಬಾಗಿನಲ್ಲಿ ಕುಳಿತಿರುತ್ತದೆ. ಅದು ಹರಿದರೆ ಪಿಸ್ಟನ್ ಹೋಗಿ ವಾಲ್ವಿಗೆ ಬಡಿಯುತ್ತದೆ. ಆಗ ಬರುವ ಬಿಲ್ಲಿನಲ್ಲಿ ಬೆಂಗಳೂರಲ್ಲಿ ಒಳ್ಳೆಯ ಫ್ಲ್ಯಾಟ್ ಬರುತ್ತದೆ.

ಹಾಗಾಗಿ 900 ಕಿ.ಮೀ. ಓಡಿ ಹದಿನೈದು ವರ್ಷ ಮಲಗಿದ ಕಾರು ಮತ್ತು 15,000 ಕಿ.ಮೀ. ಓಡಿ ವರ್ಷ ವರ್ಷ ಸರ್ವಿಸ್ ಕಂಡ ಕಾರು ಎದುರಿಗಿದ್ದರೆ, ಓಡಿಸುವವರಿಗೆ ನಾನು ಹೇಳುವುದು ಎರಡನೆಯದು. ಮೊದಲನೆಯದು ಬೇಡ ಅಂತಲ್ಲ. ಆದರೆ ಕಡಿಮೆ ಓಟಕ್ಕೆ ಜಾಸ್ತಿ ದುಡ್ಡು ಕೊಟ್ಟು, ಅದನ್ನು ಎಬ್ಬಿಸುವ ಖರ್ಚನ್ನೂ ನೀವೇ ಕೊಡುತ್ತೀರಿ. ಆ ಖರ್ಚು ಬೆಲೆಯಲ್ಲಿ ಕಳೆಯಬೇಕು ಅಂತ ಗಟ್ಟಿಯಾಗಿ ಕೇಳಿ.

ಮೀಟರ್ ತಿರುಗಿಸಿಲ್ಲ ಅಂತ ಗೊತ್ತಾಗೋದು ಹೇಗೆ?

ಮೀಟರನ್ನು ಬಿಟ್ಟು ಬೇರೆ ಎಲ್ಲವನ್ನೂ ನೋಡಿ. ಆ ಕಾಲದ ಮೀಟರನ್ನು ಬಿಚ್ಚಿ ಓಡಿಸುವುದು, ಬೇರೆ ಹಾಕುವುದು ಅಸಾಧ್ಯದ ಕೆಲಸ ಅಲ್ಲ. ಅದಕ್ಕೇ ಕಾಗದಗಳ ಸರಪಳಿ ಬೇಕು. ಪ್ರತಿ ಸರ್ವಿಸ್ ಬಿಲ್ಲಿನಲ್ಲಿ, ಪ್ರತಿ ವಾರ್ಷಿಕ ತಪಾಸಣೆಯಲ್ಲಿ, ಪ್ರತಿ ಮಾರಾಟದಲ್ಲಿ ದಿನಾಂಕದ ಜೊತೆ ಮೀಟರ್ ಅಂಕಿ ಬರೆದಿರುತ್ತಾರೆ. ಅವನ್ನೆಲ್ಲ ಸಾಲಾಗಿ ಬರೆದುಕೊಳ್ಳಿ. ಅಂಕಿ ಮೇಲಕ್ಕೇ ಹೋಗುತ್ತಿರಬೇಕು. ನಡುವೆ ಏಳೆಂಟು ವರ್ಷ ಒಂದು ಕಾಗದವೂ ಇಲ್ಲ ಅಂದರೆ ಆ ವರ್ಷಗಳಲ್ಲಿ ಕಾರು ಎಲ್ಲಿತ್ತು, ಯಾರ ಹತ್ತಿರ ಇತ್ತು ಅಂತ ಕೇಳಿ.

ಆಮೇಲೆ ಕಾರನ್ನು ನೋಡಿ. ಹತ್ತಿ ಇಳಿಯುವಾಗ ತೊಡೆ ಉಜ್ಜುವ ಜಾಗದಲ್ಲಿ ಸೀಟಿನ ಕೆಂಪು ಬಟ್ಟೆ ಹೇಗಿದೆ? ತೂತು ಕೊರೆದ ಲೋಹದ ಪೆಡಲ್‌ಗಳ ಅಂಚು ನುಣುಪಾಗಿದೆಯಾ? ಬ್ರೇಕ್ ಡಿಸ್ಕಿನ ಹೊರ ಅಂಚಿನಲ್ಲಿ ಬೆರಳಿಗೆ ಮೆಟ್ಟಿಲು ಸಿಗುತ್ತದಾ? ಮೂಗಿನ ಮೇಲೆ ಕಲ್ಲು ಹೊಡೆದ ಗುರುತು ಎಷ್ಟಿದೆ? 1,500 ಕಿ.ಮೀ. ಓಡಿದ ಕಾರಿನಲ್ಲಿ ಇದ್ಯಾವುದೂ ಕಾಣಬಾರದು.

## ಕಾಗದ ಪತ್ರ

ಯಾವ ಯಾವ ಕಾಗದ ಕೇಳಬೇಕು?

ಮೊದಲ ಮಾರಾಟದ ಬಿಲ್, ಮುದ್ರೆ ಇರುವ ಸರ್ವಿಸ್ ಪುಸ್ತಕ, ಎಲ್ಲ ಸರ್ವಿಸ್ ಬಿಲ್‌ಗಳು, ಹಿಂದಿನ ಮಾಲೀಕರ ಪಟ್ಟಿ, ದೇಶದಿಂದ ದೇಶಕ್ಕೆ ಹೋಗಿದ್ದರೆ ಕಸ್ಟಮ್ಸ್ ಕಾಗದ. ಕಾರಿನ ಜೊತೆ ಬಂದ ಮಾಲೀಕರ ಕೈಪಿಡಿ, ಅದರ ಚರ್ಮದ ಚೀಲ, ಟೂಲ್ ಕಿಟ್ ಇವೆಯಾ ನೋಡಿ. ಸಣ್ಣ ವಸ್ತುಗಳು ಅನಿಸಬಹುದು, ಆದರೆ ಕಳೆದುಹೋದರೆ ಮತ್ತೆ ಹುಡುಕಿ ತರುವುದು ಬಹಳ ದುಬಾರಿ.

ಪುಸ್ತಕದ ಮುದ್ರೆಗಿಂತ ಬಿಲ್ಲಿಗೆ ನಾನು ಜಾಸ್ತಿ ಬೆಲೆ ಕೊಡುತ್ತೇನೆ. ಮುದ್ರೆ ಬರೀ "ಸರ್ವಿಸ್ ಆಯಿತು" ಅನ್ನುತ್ತದೆ. ಏನು ಬದಲಾಯಿಸಿದರು ಅನ್ನುವುದು ಬಿಲ್ಲಿನಲ್ಲಿ ಇರುತ್ತದೆ.

ಮ್ಯಾಚಿಂಗ್ ನಂಬರ್ಸ್, ಕ್ಲಾಸಿಕೆ ಸರ್ಟಿಫೈಡ್ ಅಂತ ಬರೆದಿರ್ತಾರೆ, ಏನದು?

ಚಾಸಿ, ಎಂಜಿನ್, ಗೇರ್‌ಬಾಕ್ಸ್ ಮೇಲೆ ಕೊರೆದ ನಂಬರುಗಳು ಕಾರ್ಖಾನೆಯ ದಾಖಲೆಗೆ ಸರಿಹೊಂದಿದರೆ ಮ್ಯಾಚಿಂಗ್ ನಂಬರ್ಸ್ ಅನ್ನುತ್ತಾರೆ. ಅಂದರೆ ಹುಟ್ಟಿದಾಗ ಇದ್ದ ಎಂಜಿನ್ನೇ ಈಗಲೂ ಇದೆ. ಫೆರಾರಿ ಕ್ಲಾಸಿಕೆ ಅನ್ನುವುದು ಮರನೆಲ್ಲೊದಲ್ಲಿರುವ ಫೆರಾರಿಯದೇ ವಿಭಾಗ. ಹಳೇ ಕಾರುಗಳನ್ನು ತನ್ನ ದಾಖಲೆ ಜೊತೆ ಹೋಲಿಸಿ ಪ್ರಮಾಣಪತ್ರ ಕೊಡುತ್ತದೆ. ಕೆಂಪು ಹೊದಿಕೆಯ ಪುಸ್ತಕದ ರೂಪದಲ್ಲಿ ಬರುವುದರಿಂದ ಎಲ್ಲರೂ ರೆಡ್ ಬುಕ್ ಅಂತಲೇ ಕರೆಯುತ್ತಾರೆ.

ಇದ್ದರೆ ಒಳ್ಳೆಯದು. ಆದರೆ ಅದು ಕೊಟ್ಟ ದಿನಾಂಕ ನೋಡಿ. ಅದು ಕಾರು ಅಸಲಿಯೇ ಅಂತ ಹೇಳುವ ಕಾಗದ. ಇವತ್ತು ಬೆಲ್ಟ್ ಹೇಗಿದೆ, ಟ್ಯಾಂಕ್ ಹೇಗಿದೆ ಅಂತ ಅದು ಹೇಳುವುದಿಲ್ಲ.

ನಾನ್ ಕ್ಯಾಟ್, ನಾನ್ ಅಡ್ಜಸ್ಟ್ ಅಂದ್ರೆ ಬೆಲೆ ಯಾಕೆ ಜಾಸ್ತಿ?

ಯುರೋಪಿನ ಮೊದಮೊದಲ ಕಾರುಗಳಲ್ಲಿ ಕ್ಯಾಟ್, ಅಂದರೆ ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇರಲಿಲ್ಲ, ಎತ್ತರ ಬದಲಾಯಿಸುವ ಸಸ್ಪೆನ್ಷನ್ನೂ ಇರಲಿಲ್ಲ. ಆಮೇಲಿನವುಗಳಲ್ಲಿ ಎರಡೂ ಬಂದವು. ಎಲ್ಲಕ್ಕಿಂತ ಮೊದಲ ಕಾರುಗಳಲ್ಲಿ ಕಿಟಕಿ ಕೂಡ ಗಾಜಿನದಲ್ಲ, ರೇಸ್ ಕಾರಿನಂತೆ ಜಾರಿಸುವ ಪ್ಲಾಸ್ಟಿಕ್ ಕಿಟಕಿ. ಹಗುರ, ಸರಳ, ಮೂಲ ಕಲ್ಪನೆಗೆ ಹತ್ತಿರ ಅನ್ನುವ ಕಾರಣಕ್ಕೆ ಸಂಗ್ರಹಕಾರರು ಇವನ್ನು ಹುಡುಕುತ್ತಾರೆ. ಎತ್ತರ ಬದಲಾಯಿಸುವ ಸಸ್ಪೆನ್ಷನ್ ಇಲ್ಲದಿದ್ದರೆ ಕೆಡುವ ಭಾಗವೂ ಒಂದು ಕಡಿಮೆ. ಹಾಗಂತ ಕ್ಯಾಟ್ ಇರುವ ಒಳ್ಳೆಯ ಕಾರನ್ನು ಬಿಟ್ಟು ಕ್ಯಾಟ್ ಇಲ್ಲದ ಸುಮಾರಾದ ಕಾರು ಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

## ಕಾರು ನೋಡಲು ಹೋದಾಗ

ನಾನು ಮೆಕ್ಯಾನಿಕ್ ಅಲ್ಲ. ನಾನೇ ನೋಡಬಹುದಾದ್ದು ಏನಾದ್ರೂ ಇದೆಯಾ?

ತುಂಬಾ ಇದೆ. ಮೊದಲು ಟೈರ್ ಪಕ್ಕ ಕುಳಿತುಕೊಳ್ಳಿ. ಗೋಡೆಯ ಮೇಲೆ ನಾಲ್ಕು ಅಂಕಿ ಇರುತ್ತದೆ. 2314 ಅಂತಿದ್ದರೆ 2014ರ 23ನೇ ವಾರದಲ್ಲಿ ಮಾಡಿದ್ದು ಅಂತ ಅರ್ಥ. ಮೂರೇ ಅಂಕಿ ಇದ್ದರೆ 2000ಕ್ಕಿಂತ ಹಿಂದಿನದು. ಅಂಥ ಟೈರ್ ಮ್ಯೂಸಿಯಂಗೆ ಚೆನ್ನ, ರಸ್ತೆಗೆ ಅಲ್ಲ. ಹಿಂದಿನ ಟೈರ್ ಅಳತೆ 335/35, 17 ಇಂಚು. 478 ಅಶ್ವಶಕ್ತಿ ನೆಲಕ್ಕೆ ಸೇರುವುದು ಆ ಎರಡೇ ಟೈರಿನಿಂದ.

ಆಮೇಲೆ ಟಾರ್ಚನ್ನು ಓರೆಯಾಗಿ ಹಿಡಿದು ಬಾಗಿಲು, ಬಾನೆಟ್ ಮೇಲೆ ಬೆಳಕು ಬಿಡಿ. ಅಸಲಿ ಬಣ್ಣ ಎಷ್ಟು ತೆಳು ಅಂದರೆ ಕೆಳಗಿನ ಕಾರ್ಬನ್ ನೇಯ್ಗೆ ಕಾಣುತ್ತದೆ. ಒಂದು ಭಾಗದಲ್ಲಿ ನೇಯ್ಗೆ ಕಂಡು ಪಕ್ಕದ ಭಾಗದಲ್ಲಿ ಕನ್ನಡಿಯಂತೆ ನುಣುಪಾಗಿದ್ದರೆ, ಅಲ್ಲಿ ಮತ್ತೆ ಪೇಂಟ್ ಆಗಿದೆ. ಕಾರು ಜಾಸ್ತಿ ಹೊಳೆಯುತ್ತಿದ್ದರೆ ಖುಷಿಪಡುವ ಬದಲು ಪ್ರಶ್ನೆ ಕೇಳಬೇಕಾದ ಅಪರೂಪದ ಗಾಡಿ ಇದು.

ಕೊನೆಗೆ ಬಾಗಿಲು ತೆಗೆದು ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದರೆ ಮುಂದಿನ ಉತ್ತರ ಓದಿ.

ಪೆಟ್ರೋಲ್ ಟ್ಯಾಂಕ್ ಬಗ್ಗೆ ಎಲ್ಲರೂ ಹೆದರಿಸ್ತಾರೆ, ಯಾಕೆ?

ಯುರೋಪ್ ಮಾದರಿಯ ಎಫ್40ಯಲ್ಲಿ ಬಾಗಿಲಿನ ಹಿಂದೆ ಎರಡೂ ಬದಿಗೆ ರೇಸ್ ಕಾರಿನ ಶೈಲಿಯ ರಬ್ಬರ್ ಚೀಲಗಳಿವೆ. ಒಳಗೆ ಸ್ಪಂಜಿನಂಥ ಫೋಮ್ ತುಂಬಿರುತ್ತದೆ. ಡಿಕ್ಕಿಯಾದಾಗ ಒಡೆಯದಿರಲಿ, ಪೆಟ್ರೋಲ್ ಚೆಲ್ಲದಿರಲಿ ಅಂತ. ಇವುಗಳಿಗೆ ಆಯುಸ್ಸು ಇದೆ, ಸುಮಾರು ಹತ್ತು ವರ್ಷ. ಆಮೇಲೆ ರಬ್ಬರ್ ಬಿರಿದು ಸೋರಬಹುದು. ಫೋಮ್ ಪುಡಿಯಾಗಿ ಫಿಲ್ಟರ್ ಕಟ್ಟಬಹುದು. ಕಾರು 500 ಕಿ.ಮೀ. ಓಡಿರಲಿ, 50,000 ಓಡಿರಲಿ, ಇದರಲ್ಲಿ ವ್ಯತ್ಯಾಸ ಇಲ್ಲ.

ಪಕ್ಕದಲ್ಲೇ ಕೆಂಪಗೆ ಕಾಯುವ ಟರ್ಬೊ ಇರುವ ಕಾರಿನಲ್ಲಿ ಪೆಟ್ರೋಲ್ ಸೋರುವುದು ಎಷ್ಟು ಅಪಾಯ ಅಂತ ಬಿಡಿಸಿ ಹೇಳಬೇಕಿಲ್ಲ. ಬೆಂಕಿ ಬಿದ್ದರೆ ಕಾರ್ಬನ್ ಮತ್ತು ರೆಸಿನ್ ಮೈ ಬೇಗ ಉರಿಯುತ್ತದೆ. 2020ರ ಫೆಬ್ರವರಿಯಲ್ಲಿ ಮೊನಾಕೊದ ರಸ್ತೆಯಲ್ಲಿ ಒಂದು ಎಫ್40 ಹೊತ್ತಿ ಉರಿಯಿತು. ಮೇಲಿನಿಂದ ಒಬ್ಬರು ಗಿಡಕ್ಕೆ ನೀರು ಹಾಕುವ ಪೈಪಿನಿಂದ ಆರಿಸಲು ನೋಡುತ್ತಿದ್ದ ವಿಡಿಯೊ ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಕಾರಣ ಏನೇ ಇರಲಿ, ಈ ಕಾರು ಎಷ್ಟು ಬೇಗ ಕೈಬಿಟ್ಟು ಹೋಗುತ್ತದೆ ಅಂತ ಅದರಲ್ಲಿ ಕಾಣುತ್ತದೆ.

ಟ್ಯಾಂಕ್ ಬದಲಾಯಿಸಿದ ಬಿಲ್ ಎಲ್ಲಿ, ಯಾವ ವರ್ಷದ್ದು ಅಂತ ಕೇಳಿ. ಬಿಲ್ ಇಲ್ಲದಿದ್ದರೆ ಬದಲಾಯಿಸಿಲ್ಲ ಅಂತಲೇ ಲೆಕ್ಕ ಹಾಕಿ.

ಪೇಂಟ್ ಮೀಟರ್ ಇಟ್ಟು ನೋಡಿದ್ರೆ ಆಕ್ಸಿಡೆಂಟ್ ಗೊತ್ತಾಗಲ್ವಾ?

ಮಾಮೂಲಿ ಪೇಂಟ್ ಮೀಟರ್ ಲೋಹದ ಮೇಲೆ ಮಾತ್ರ ಕೆಲಸ ಮಾಡುತ್ತದೆ. ಎಫ್40 ಮೈ ಕಾರ್ಬನ್, ಕೆವ್ಲಾರಿನದು. ಅದಕ್ಕೆ ಅಲ್ಟ್ರಾಸೌಂಡ್ ಮೀಟರ್ ಬೇಕು. ಹೊರಮೈಗಿಂತ ಮುಖ್ಯ ಒಳಗಿನ ಉಕ್ಕಿನ ಕೊಳವೆ ಚೌಕಟ್ಟು. ಮುಂದೆ ಹಿಂದೆ ಮುಚ್ಚಳ ಎತ್ತಿ ಬೆಸುಗೆಗಳನ್ನು ನೋಡಬೇಕು. ಎಡಬಲ ಒಂದೇ ಥರ ಇರಬೇಕು. ಅಂಟು, ಬಣ್ಣ, ಕೊಳವೆಯ ಬಾಗು ಎಲ್ಲೂ ಬೇರೆ ಕೈಯ ಗುರುತು ಇರಬಾರದು. ಈ ಕಾರುಗಳನ್ನು ಹತ್ತಾರು ಸಲ ಬಿಚ್ಚಿ ಕಟ್ಟಿದವರ ಕಣ್ಣಿಗೆ ಬೀಳುವುದು ನಮ್ಮ ಕಣ್ಣಿಗೆ ಬೀಳುವುದಿಲ್ಲ.

ತಜ್ಞರ ಹತ್ತಿರ ಏನೇನು ಮಾಡಿಸಬೇಕು?

ಮಾರುವವರ ಗ್ಯಾರೇಜ್ ಬಿಟ್ಟು ಬೇರೆಯವರನ್ನು ಹಿಡಿಯಿರಿ, ಅದೂ ಎಫ್40 ಕೈಯಾಡಿಸಿ ಗೊತ್ತಿರುವವರನ್ನು. ಕಂಪ್ರೆಷನ್ ಮತ್ತು ಲೀಕ್‌ಡೌನ್ ಪರೀಕ್ಷೆ (ಸಿಲಿಂಡರಿನ ಒಳಗೆ ಒತ್ತಡ ನಿಲ್ಲುತ್ತದಾ, ಸೋರುತ್ತದಾ ಅಂತ ನೋಡುವುದು) ಎಂಟೂ ಸಿಲಿಂಡರಿಗೆ ಆಗಬೇಕು. ಸ್ಪಾರ್ಕ್ ಪ್ಲಗ್ ತೂತಿನಿಂದ ಕ್ಯಾಮೆರಾ ಇಳಿಸಿ ಸಿಲಿಂಡರ್ ಗೋಡೆಯಲ್ಲಿ ತುಕ್ಕು ಇದೆಯಾ ನೋಡಬೇಕು. ನಿಂತ ಎಂಜಿನ್‌ಗಳಲ್ಲಿ ಇದೇ ಮೊದಲ ಅನುಮಾನ. ಟರ್ಬೊ ಶಾಫ್ಟಿನ ಅಲುಗಾಟ, ಕ್ಲಚ್ ಉಳಿದಿರುವ ದಪ್ಪ, ಎಲ್ಲ ಹೋಸ್‌ಗಳು. ಮಾರುವವರು ಇದಕ್ಕೆ ಒಪ್ಪದಿದ್ದರೆ ಕೈಮುಗಿದು ಬನ್ನಿ.

## ದುಡ್ಡು ಮತ್ತು ಕಾನೂನು

ಈಗ ಬೆಲೆ ಎಷ್ಟಿದೆ?

ಹೊಸದಾಗಿದ್ದಾಗ ಅಮೆರಿಕದಲ್ಲಿ ಸುಮಾರು 4 ಲಕ್ಷ ಡಾಲರ್. ಈಚಿನ ವರ್ಷಗಳ ಹರಾಜುಗಳಲ್ಲಿ ಒಳ್ಳೆಯ ಕಾರುಗಳು 20 ಲಕ್ಷ ಡಾಲರ್ ದಾಟುತ್ತಿವೆ. ಕಡಿಮೆ ಓಡಿದವು ಅದಕ್ಕಿಂತ ಎಷ್ಟೋ ಮೇಲೆ. 2022ರಲ್ಲಿ ಅಮೆರಿಕದ ಪೆಬಲ್ ಬೀಚ್ ಹರಾಜಿನಲ್ಲಿ ಒಂದು ಎಫ್40 ಸುಮಾರು 39.6 ಲಕ್ಷ ಡಾಲರಿಗೆ ಹೋಯಿತು. ಆಗಿನ ಲೆಕ್ಕದಲ್ಲಿ 30 ಕೋಟಿ ರೂಪಾಯಿಗೂ ಜಾಸ್ತಿ. ಜಾಹೀರಾತಿನಲ್ಲಿ ಕೇಳುವ ಬೆಲೆ ಬೇರೆ, ಕೈ ಸೇರುವ ಬೆಲೆ ಬೇರೆ. ಹೋಲಿಸುವಾಗ ಹರಾಜಿನಲ್ಲಿ ನಿಜವಾಗಿ ಮಾರಿದ ಬೆಲೆಗಳನ್ನೇ ನೋಡಿ.

ದುಡ್ಡಿದೆ ಅಂತಿಟ್ಕೊಳ್ಳಿ, ಬೆಂಗಳೂರಿಗೆ ತರಬಹುದಾ?

ಸಾಮಾನ್ಯ ದಾರಿಯಲ್ಲಿ ಆಗುವುದಿಲ್ಲ. ಭಾರತಕ್ಕೆ ಬಳಸಿದ ಕಾರು ತರಲು ಅದು ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು, ಸ್ಟೀರಿಂಗ್ ಬಲಗಡೆ ಇರಬೇಕು. ಎಫ್40 ಎರಡಕ್ಕೂ ಸಲ್ಲುವುದಿಲ್ಲ. ವಿಂಟೇಜ್ ಅನ್ನುವುದಕ್ಕೆ ನಮ್ಮಲ್ಲಿ 50 ವರ್ಷ ದಾಟಿರಬೇಕು. ಅತಿ ಹಳೆಯ ಎಫ್40ಗೂ ಆ ವಯಸ್ಸು ಬರುವುದು 2037ರ ಹೊತ್ತಿಗೆ. ಪ್ರವಾಸಕ್ಕೆ ಅಂತ ಕಾರ್ನೆ ಎನ್ನುವ ತಾತ್ಕಾಲಿಕ ಅನುಮತಿ ಪತ್ರದ ಮೇಲೆ ತಂದು ವಾಪಸ್ ಒಯ್ಯುವ ವ್ಯವಸ್ಥೆ ಬೇರೆ, ಇಲ್ಲೇ ಇಟ್ಟುಕೊಳ್ಳಲು ಅದು ಆಗದು. "ನಾನು ಮಾಡಿಸಿಕೊಡ್ತೀನಿ" ಅಂತ ಯಾರಾದರೂ ಮುಂಗಡ ಕೇಳಿದರೆ ಕೊಡಬೇಡಿ.

ನಾನು ಅಮೆರಿಕದಲ್ಲಿದ್ದೀನಿ. ಯುರೋಪಿನ ಕಾರು ತರಿಸಬಹುದಾ?

ಅಲ್ಲಿ 25 ವರ್ಷ ದಾಟಿದ ಕಾರಿಗೆ ಕೇಂದ್ರದ ಸುರಕ್ಷತಾ ನಿಯಮದಿಂದ ವಿನಾಯಿತಿ ಇದೆ. ಎಫ್40 ಎಲ್ಲವೂ ಆ ಗೆರೆ ದಾಟಿವೆ. ಆದರೆ ಕ್ಯಾಲಿಫೋರ್ನಿಯಾದ ಹೊಗೆ ನಿಯಮ ಬೇರೆ, ತುಂಬಾ ಬಿಗಿ. ಅಲ್ಲಿರುವವರು ಕಾರು ಹಡಗು ಹತ್ತುವ ಮೊದಲೇ ವಿಚಾರಿಸಬೇಕು.

## ಕೊಂಡ ಮೇಲೆ

ಓಡಿಸಿದ್ರೆ ಬೆಲೆ ಇಳಿಯುತ್ತೆ ಅಲ್ವಾ? ಹಾಗೇ ಇಡೋದು ವಾಸಿ ಅಲ್ವಾ?

500 ಕಿ.ಮೀ. ಓಡಿದ ಕಾರನ್ನು 5,000ಕ್ಕೆ ಒಯ್ದರೆ ಇಳಿಯುತ್ತದೆ, ನಿಜ. 12,000 ಓಡಿದ್ದನ್ನು 14,000 ಮಾಡಿದರೆ ಹೇಳಿಕೊಳ್ಳುವಷ್ಟು ವ್ಯತ್ಯಾಸ ಆಗುವುದಿಲ್ಲ. ಅದಕ್ಕೇ ಓಡಿಸುವ ಆಸೆ ಇರುವವರು ತೀರಾ ಕಡಿಮೆ ಓಡಿದ್ದನ್ನು ಕೊಳ್ಳಬೇಡಿ ಅನ್ನುತ್ತೇನೆ. ಪ್ರತಿ ಕಿಲೋಮೀಟರಿಗೂ ಜೀವ ಹಿಡಿದುಕೊಂಡು ಓಡಿಸಬೇಕಾಗುತ್ತದೆ.

ಈ ಕಾರನ್ನು ಮಾಡಿದವರು ಓಡಿಸಲು ಮಾಡಿದರು. ಅದು ಷೆಡ್ಡಿನಲ್ಲಿ ಹೊದಿಕೆ ಹೊದ್ದು ನಿಂತಿರುವುದು ನೋಡಿದರೆ ನನಗೆ ಸಂಕಟ ಆಗುತ್ತದೆ.

ಹೊಸಬರು ಓಡಿಸಬಹುದಾ?

ನಿಧಾನಕ್ಕೆ, ಒಣ ರಸ್ತೆಯಲ್ಲಿ. ಕ್ಲಚ್ ಗಟ್ಟಿ, ಬ್ರೇಕ್ ಒತ್ತಲು ಕಾಲಿನ ಬಲ ಬೇಕು. ಎಂಜಿನ್ ಕೆಳಗಿನ ವೇಗದಲ್ಲಿ ಸಾಧುವಾಗಿ ಇರುತ್ತದೆ. ಟರ್ಬೊ ತುಂಬಿದ ಕೂಡಲೇ ಎಲ್ಲ ಶಕ್ತಿ ಒಟ್ಟಿಗೆ ಬರುತ್ತದೆ, ಒತ್ತಡ 1.1 ಬಾರ್ ತನಕ. ತಿರುವಿನ ಮಧ್ಯೆ ಅದು ಬಂದರೆ ಹಿಂಬದಿ ಜಾರುತ್ತದೆ. ತಡೆಯಲು ಯಾವ ಎಲೆಕ್ಟ್ರಾನಿಕ್ಸ್ ಕೂಡ ಇಲ್ಲ. ಹಿಂದೆ ಮೂರು ಸೈಲೆನ್ಸರ್ ಬಾಯಿ ಇವೆಯಲ್ಲ, ನಡುವಿನದು ಟರ್ಬೊದ ಹೆಚ್ಚಿನ ಒತ್ತಡ ಹೊರಬಿಡುವ ವೇಸ್ಟ್‌ಗೇಟಿನದು.

ಹತ್ತು ವರ್ಷ ನಿಂತ ಎಫ್40 ಕೊಂಡೆ. ಬ್ಯಾಟರಿ ಹಾಕಿ ಸ್ಟಾರ್ಟ್ ಮಾಡಲಾ?

ದಯವಿಟ್ಟು ಮಾಡಬೇಡಿ. ಮೊದಲು ಟ್ರಕ್ ಮೇಲೆ ತಜ್ಞರ ಗ್ಯಾರೇಜಿಗೆ ಒಯ್ಯಿರಿ. ಹಳೇ ಪೆಟ್ರೋಲ್ ಪೂರ್ತಿ ತೆಗೆಸಿ, ಟ್ಯಾಂಕ್ ಚೀಲ, ಪೆಟ್ರೋಲ್ ಹೋಸ್, ಫಿಲ್ಟರ್ ಬದಲಾಯಿಸಿ. ಟೈಮಿಂಗ್ ಬೆಲ್ಟ್ ಮತ್ತು ಅದರ ಟೆನ್ಷನರ್ ಹೊಸದಾಗಬೇಕು, ಎಂಜಿನ್ ಒಂದು ಸುತ್ತು ತಿರುಗುವ ಮೊದಲೇ. ಎಣ್ಣೆ, ಕೂಲೆಂಟ್, ಬ್ರೇಕ್ ಆಯಿಲ್ ಎಲ್ಲ ಹೊಸದು. ಇಂಜೆಕ್ಟರ್ ಬಿಚ್ಚಿ ತೊಳೆಸಿ. ಪ್ಲಗ್ ತೆಗೆದು ಸಿಲಿಂಡರಿಗೆ ಸ್ವಲ್ಪ ಎಣ್ಣೆ ಬಿಟ್ಟು ಕೈಯಿಂದ ತಿರುಗಿಸಿ ನೋಡಿ. ಸಲೀಸಾಗಿ ತಿರುಗಿದರೆ, ಪ್ಲಗ್ ಇಲ್ಲದೆಯೇ ಸ್ಟಾರ್ಟರಿನಿಂದ ತಿರುಗಿಸಿ, ಎಣ್ಣೆ ಒತ್ತಡದ ಮುಳ್ಳು ಏಳುವ ತನಕ. ಇದು ಡ್ರೈ ಸಂಪ್ ಎಂಜಿನ್, ಎಣ್ಣೆ ಬೇರೆ ಟ್ಯಾಂಕಿನಿಂದ ಬರಬೇಕು. ಆಮೇಲೆ ಪ್ಲಗ್ ಹಾಕಿ, ಒಬ್ಬರು ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಪಕ್ಕದಲ್ಲಿ ನಿಂತಿರುವಾಗ, ಸ್ಟಾರ್ಟ್ ಮಾಡಿ. ಎಣ್ಣೆ ಪೂರ್ತಿ ಬಿಸಿಯಾಗುವ ತನಕ ಆಕ್ಸಿಲರೇಟರ್ ಜೋರಾಗಿ ಒತ್ತಬೇಡಿ. ಮೊದಲ 100 ಕಿ.ಮೀ. ಆದ ಮೇಲೆ ಎಣ್ಣೆ, ಫಿಲ್ಟರ್ ಇನ್ನೊಮ್ಮೆ ಬದಲಾಯಿಸಿ, ಎಲ್ಲ ಬಿಲ್‌ಗಳನ್ನೂ ಫೈಲಿಗೆ ಸೇರಿಸಿ. ಮುಂದೆ ನಿಮ್ಮಿಂದ ಕೊಳ್ಳುವವರು ಇದೇ ಬಿಲ್‌ಗಳನ್ನು ಕೇಳುತ್ತಾರೆ.